ಹಚ್ಚದ ಬಣ್ಣಕ್ಕೆ ಮೊದಲ ಬಹುಮಾನ

ನನ್ನ ಮಗಳಿಗೆ ಈಚೆಗೆ ಒಂದು ಬಹುಮಾನ ಬಂತು. ಅತ್ಯುತ್ತಮ ಮೇಕಪ್, ಪ್ರಥಮ ಸ್ಥಾನ.

ಅವಳು ಮೇಕಪ್ಪೇ ಮಾಡಿಕೊಂಡಿರಲಿಲ್ಲ.

ಜಪಾನಿನಲ್ಲಿರುವ ನಮ್ಮ ಕನ್ನಡ ಬಳಗದವರು ಪ್ರತಿ ನವೆಂಬರಿನಲ್ಲಿ ರಾಜ್ಯೋತ್ಸವ ಮಾಡುತ್ತೇವೆ. ಕೊರೊನಾ ಬಂದ ಮೇಲೆ ಹಾಲ್ ಇಲ್ಲ, ಬಿಸಿಬೇಳೆಬಾತ್ ಇಲ್ಲ, ಬಾಗಿಲಲ್ಲಿ ಚಪ್ಪಲಿ ರಾಶಿ ಇಲ್ಲ. ಎಲ್ಲವೂ ವಿಡಿಯೋ ಕಾಲಿನಲ್ಲಿ. ಈ ಸಲದ ಮಕ್ಕಳ ಛದ್ಮವೇಷ ಸ್ಪರ್ಧೆಯೂ ಅಲ್ಲೇ ಆಯಿತು. ಮೂವರು ರಾಣಿಯರು, ಇಬ್ಬರು ದಾಸರು, ಒಬ್ಬ ಪೊಲೀಸು. ಫುಕುವೋಕಾದಿಂದ ಒಬ್ಬ ಕೊರೊನಾ ವೈರಸ್ (ಮುಖಕ್ಕೆಲ್ಲ ಹಸಿರು ಬಣ್ಣ, ತಲೆಯ ಮೇಲೆ ಬಲೂನು; ಐಡಿಯಾ ಅವರಪ್ಪನದಂತೆ). ಇತ್ತ ತ್ಸುಕುಬಾದಿಂದ ನನ್ನ ಮಗಳು ಚಾರು. ಒಂಬತ್ತು ವರ್ಷ. ಹಳದಿ ಕೋಟು ತೊಟ್ಟು, ಗುಂಗುರು ಕೂದಲನ್ನು ತಲೆಯ ಎರಡೂ ಬದಿಗೆ ಚೆಂಡಿನ ಹಾಗೆ ಕಟ್ಟಿ, ರಟ್ಟಿನಲ್ಲಿ ಮಾಡಿದ ತನ್ನಷ್ಟೇ ಎತ್ತರದ ಸ್ಪ್ಯಾನರ್ ಹಿಡಿದು ನಿಂತಿದ್ದಳು.

ಅವಳು ಹಾಕಿದ್ದು ರೂಕಾಳ ವೇಷ. ರೂಕಾ ಅಂದರೆ ಇಲ್ಲಿಯ ಟಿವಿಯಲ್ಲಿ ವಾರಕ್ಕೊಮ್ಮೆ ಬರುವ ಒಂದು ಆನಿಮೆಯ, ಅಂದರೆ ಜಪಾನೀ ಕಾರ್ಟೂನ್ ಧಾರಾವಾಹಿಯ, ನಾಯಕಿ. ಮುರಿದ ಸೇತುವೆಗಳನ್ನು ರಿಪೇರಿ ಮಾಡುವ ತಂಡದ ಮುಖ್ಯಸ್ಥೆ. ಆಫ್ರಿಕನ್ ಚಹರೆಯ ಕಪ್ಪು ಹುಡುಗಿ.

ತೀರ್ಪುಗಾರ್ತಿ ಕೋಬೆಯ ಸರೋಜಾ ಆಂಟಿ. ಗಂಡ ಮುತ್ತಿನ ವ್ಯಾಪಾರಕ್ಕೆಂದು ಬಂದ ಕಾಲದಿಂದ ಇಲ್ಲೇ ಇದ್ದಾರೆ, ಬಳಗಕ್ಕೆಲ್ಲ ಹಿರಿಯರು. ನಾವು ಬಳಗಕ್ಕೆ ಸೇರಿದ್ದೇ ಕೊರೊನಾ ಶುರುವಾದ ಮೇಲೆ, ಹಾಗಾಗಿ ಅವರನ್ನು ಎದುರಿಗೆ ಕಂಡಿಲ್ಲ. ಕಾಲ್‌ಗಳಲ್ಲಿ ಚಾರು ಕ್ಯಾಮೆರಾ ಹಾಕಿದವಳೂ ಅಲ್ಲ. ಅವಳ ಮುಖವನ್ನು ಆಂಟಿ ನೋಡಿದ್ದು ಅವತ್ತೇ ಮೊದಲು.

"ಎಷ್ಟು ಮುದ್ದಾಗಿದೀಯ ಪುಟ್ಟಿ," ಅಂದರು ಆಂಟಿ. ಆಮೇಲೆ ನನಗೆ, "ಆ ಕಪ್ಪು ಎಷ್ಟು ನ್ಯಾಚುರಲ್ಲಾಗಿ ಬಂದಿದೆ ಕಣ್ರೀ. ಕತ್ತು, ಕಿವಿ, ಕೈ, ಎಲ್ಲೂ ಬಿಟ್ಟಿಲ್ಲ. ಎಲ್ಲ ಒಂದೇ ಸಮ ಹಚ್ಚಿದೀರ. ಯಾವ ಬ್ರ್ಯಾಂಡು?"

ನಾನು ಏನಂದೆ ಗೊತ್ತೇ?

"ಥ್ಯಾಂಕ್ಸ್ ಆಂಟಿ," ಅಂದೆ.

ಯಾಕಂದೆ? ಈಗಲೂ ಗೊತ್ತಿಲ್ಲ. ಹೊಗಳಿದವರಿಗೆ ಥ್ಯಾಂಕ್ಸ್ ಹೇಳಿ ಬಾಯಿಗೆ ರೂಢಿಯಾಗಿದೆ. ಅಥವಾ, ಹಿರಿಯರನ್ನು ಅಷ್ಟು ಜನರ ಮುಂದೆ ಪೇಚಿಗೆ ಸಿಕ್ಕಿಸುವುದು ಬೇಡ ಅನ್ನಿಸಿತೋ ಏನೋ. ಚಾರು ಪಕ್ಕದ ಕೋಣೆಯಲ್ಲಿ, ತನ್ನ ಟ್ಯಾಬ್ ಎದುರು ನಿಂತಿದ್ದಳು. ಪರದೆಯ ಮೇಲೆ ಅವಳ ಚೌಕ ಹಾಗೇ ಕಪ್ಪಾಯಿತು. ಕ್ಯಾಮೆರಾ ಆಫ್.

"ಅಯ್ಯೋ, ನೆಟ್‌ವರ್ಕ್ ಹೋಯ್ತು ಪಾಪ," ಅಂದರು ಯಾರೋ.

ಎಲ್ಲರೂ ಹೋಗಿ ಕಾಲಿನಲ್ಲಿ ನಾನೊಬ್ಬಳೇ ಉಳಿದ ಮೇಲೆ ಚಾರು ಬಂದು ಬಾಗಿಲಲ್ಲಿ ನಿಂತಳು. ಅಷ್ಟರಲ್ಲೇ ಕೋಟು ಬಿಚ್ಚಿದ್ದಳು. "ಅಮ್ಮ, ವೈ ಥ್ಯಾಂಕ್ಸ್?"

ನಾನು ಏನೋ ಸಮಜಾಯಿಷಿ ಹೇಳಿದೆ. ಆಂಟಿಗೆ ವಯಸ್ಸಾಗಿದೆ, ಕಣ್ಣು ಮಂಜು, ಅದೂ ಇದೂ. ಅವಳು ಕೇಳಿಸಿಕೊಳ್ಳಲಿಲ್ಲ. ನನ್ನ ಲ್ಯಾಪ್‌ಟಾಪ್ ತಿರುಗಿಸಿ ಅದರಲ್ಲಿ ಕಾಣುತ್ತಿದ್ದ ನನ್ನದೇ ಮುಖ ತೋರಿಸಿದಳು. "ನೀನು ವೈಟಾಗಿ ಕಾಣ್ತೀಯ. ನಾನು ಇಲ್ಲ. ಅದ್ಕೆ ಅವರು ಹಂಗೆ ಅಂದಿದ್ದು."

ನೋಡಿದೆ. ಹೌದು. ಮನೆಯಿಂದಲೇ ಆಫೀಸು ಅಂತ ಶುರುವಾದಾಗ ನನ್ನ ಗಂಡ ಒಂದು ದುಂಡು ಲೈಟು ತಂದಿಟ್ಟು, ವಿಡಿಯೋದಲ್ಲಿ 'ಟಚ್ ಅಪ್' ಅಂತ ಒಂದು ಸೆಟಿಂಗ್ ಒತ್ತಿ ಕೊಟ್ಟಿದ್ದರು. ಮೊಡವೆ ಕಲೆ ಕಾಣದಿರಲಿ ಅಂತ. ಕಲೆಯ ಜೊತೆ ನಾನೂ ಹೋಗಿದ್ದೆ. ಪರದೆಯಲ್ಲಿ ಕುಳಿತಿದ್ದ ಆ ಹೆಂಗಸಿಗೆ ನನ್ನ ಮೂಗಿತ್ತು, ಕನ್ನಡಕವಿತ್ತು. ಬಣ್ಣ ಮಾತ್ರ ಬೇರೆ ಯಾರದೋ. ಅಂಥ ತಾಯಿಗೆ ಇಂಥ ಮಗಳು ಅಂದರೆ ಆಂಟಿ ಮೇಕಪ್ ಅಂದುಕೊಳ್ಳದೆ ಇನ್ನೇನು ಅಂದುಕೊಳ್ಳಬೇಕು?

ಇದು ನನಗೆ ಹೊಸತಲ್ಲ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. (ಈ ಮಾತನ್ನು ಈ ಅಂಕಣದಲ್ಲಿ ಎಷ್ಟನೇ ಸಲ ಹೇಳುತ್ತಿದ್ದಾಳೆ ಅಂತ ನೀವು ನಗಬಹುದು. ನಗಿ. ಇನ್ನೂ ಹೇಳುತ್ತೇನೆ.) ಅಪ್ಪ ಹಿರಿಯೂರಿನಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದರು. ಕಾನ್ವೊಕೇಶನ್ ಗೌನು ತೊಟ್ಟು ಊರಿನ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಂಡೆ. ಸ್ಟುಡಿಯೋದವನು ಫೋಟೋ ಕೊಡುವಾಗ, "ಮುಖ ಸ್ವಲ್ಪ ಬೆಳ್ಳಗೆ ಮಾಡಿದೀನಮ್ಮ, ಗಂಡಿನ ಕಡೆಯವರಿಗೆ ತೋರ್ಸೋಕೂ ಆಗುತ್ತೆ," ಅಂದ. ಅವನೂ ಪ್ರೀತಿಯಿಂದಲೇ ಮಾಡಿದ್ದ. ಅಮ್ಮ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ಇವತ್ತಿಗೂ ಅಲ್ಲೇ ಇದೆ. ಅಷ್ಟು ವರ್ಷ ಸೀಮೆಎಣ್ಣೆ ಬುಡ್ಡಿಯಲ್ಲಿ, ಬೀದಿ ದೀಪದಲ್ಲಿ ಓದಿ ಪಾಸಾದವಳು ನಾನು. ಗೋಡೆಯ ಮೇಲೆ ಗೌನು ಹಾಕಿಕೊಂಡು ನಿಂತಿರುವವಳು ಯಾರೋ ಬಿಳಿ ಹುಡುಗಿ.

ಎರಡು ದಿನ ಬಿಟ್ಟು ಗ್ರೂಪಿನಲ್ಲಿ ಫಲಿತಾಂಶ ಬಂತು. ಚಾರುಗೆ ಮೇಕಪ್ ಬಹುಮಾನ. ಚಪ್ಪಾಳೆಯ ಚಿತ್ರಗಳ ಸುರಿಮಳೆ. ಶನಿವಾರ ಸಂಜೆ ವಿಡಿಯೋದಲ್ಲೇ ಬಹುಮಾನ ವಿತರಣೆ, ಗೆದ್ದ ಮಕ್ಕಳು ವೇಷದಲ್ಲೇ ಬರಬೇಕು ಅಂತ ಸೂಚನೆ.

ಚಾರು ಬರುವುದಿಲ್ಲ ಅಂದಳು. ಅದಿರಲಿ. ಭಾನುವಾರ ಪಾರ್ಕಿಗೂ ಬರುವುದಿಲ್ಲ ಅಂದಳು. ಆಗ ನನಗೆ ನಿಜಕ್ಕೂ ಭಯವಾಯಿತು.

ಯಾಕೆಂದರೆ ಆ ಭಾನುವಾರಕ್ಕಾಗಿ ಅವಳು ಬೇಸಿಗೆಯಿಂದ ಕಾದಿದ್ದಳು. ಭಾನುವಾರದ ಕಥೆ ಹೇಳಬೇಕಾದರೆ ಇಮಾನಿಯ ಬಗ್ಗೆ ಹೇಳಬೇಕು.

ಇಮಾನಿ ಅಮೆರಿಕದ ಮೆಂಫಿಸ್ ಊರಿನವಳು, ಕಪ್ಪು ಹುಡುಗಿ, ಇನ್ನೂ ಮೂವತ್ತಾಗಿಲ್ಲ. ಚಾರು ಓದುವ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಾಳೆ. ಮಕ್ಕಳಿಗೆ ಇಮಾನಿ ಸೆನ್ಸೇ, ಅಂದರೆ ಇಮಾನಿ ಟೀಚರ್. ಕೊರೊನಾದ ಮೊದಲ ವರ್ಷ ನಮ್ಮ ಚಾರು ಮಾತು ಬಿಟ್ಟ ಹಾಗೆ ಆಗಿದ್ದಳು. ಮಾಸ್ಕು, ಮೇಜುಗಳ ನಡುವೆ ಪ್ಲಾಸ್ಟಿಕ್ ತಡಿಕೆ, ಊಟದ ಹೊತ್ತಿನಲ್ಲಿ ಯಾರೂ ಮಾತಾಡಬಾರದು ಅಂತ ನಿಯಮ. ಮಾತಾಡದಿರುವುದಕ್ಕೆ ಶಾಲೆಯೇ ಶಭಾಷ್ ಅನ್ನುತ್ತಿದ್ದ ಕಾಲ. ಅವಳು ಒಳಗೊಳಗೇ ಮುದುಡಿದ್ದು ನಮಗೆ ತಡವಾಗಿ ಕಂಡಿತು. ಒಂದು ದಿನ ಇಮಾನಿ ಅವಳ ಬ್ಯಾಗಿಗೆ ತೂಗುಬಿದ್ದಿದ್ದ ರೂಕಾ ಗೊಂಬೆ ನೋಡಿ ಬಗ್ಗಿ, "ನಾಲ್ಕನೇ ಎಪಿಸೋಡ್ ನೋಡಿ ಅತ್ತೆಯಾ?" ಅಂತ ಕೇಳಿದಳಂತೆ. ಚಾರು, "ಎರಡು ಸಲ," ಅಂದಳಂತೆ. ಮನೆಗೆ ಬಂದು ಅವತ್ತು ಅರ್ಧ ಗಂಟೆ ಮಾತಾಡಿದಳು.

ಇಮಾನಿ ವಾರಕ್ಕೊಮ್ಮೆ ಆನ್‌ಲೈನಿನಲ್ಲಿ ರೂಕಾ ಅಭಿಮಾನಿಗಳನ್ನು ಸೇರಿಸುತ್ತಾಳೆ. ಶನಿವಾರ ನಮ್ಮ ರಾತ್ರಿ ಊಟ ಮುಗಿಯುವ ಹೊತ್ತು. ಮೆಂಫಿಸ್‌ನಲ್ಲಿ ಆಗ ಬೆಳಗಿನ ಕಾಫಿ. ಅವಳ ಚಿಕ್ಕಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು ನಿದ್ದೆಗಣ್ಣಲ್ಲಿ ಬಂದು ಕೂರುತ್ತಾರೆ. ತ್ಸುಕುಬಾದ ಇಬ್ಬರು ಕಾಲೇಜು ಹುಡುಗಿಯರು ಇರುತ್ತಾರೆ. ಜೊತೆಗೆ ಹಯಾಶಿ-ಸಾನ್, ನಮ್ಮಲ್ಲಿ 'ಹಯಾಶಿಯವರು' ಅಂದ ಹಾಗೆ. ಔಷಧಿ ಅಂಗಡಿಯಲ್ಲಿ ಕೆಲಸ, ಐವತ್ತು ದಾಟಿದ ಗಂಭೀರ ಮನುಷ್ಯ, ಹೊಲಿಗೆಯ ಹುಚ್ಚು. ಚಾರುವಿನ ಹಳದಿ ಕೋಟು ಅವರ ಕೈಯದು.

ಮೊದಮೊದಲು ನಾನು ಇದನ್ನು ಕಾಲಹರಣ ಅಂದುಕೊಂಡಿದ್ದೆ. ಓದಿ ಮೇಲೆ ಬಂದವರಿಗೆ ಆಟ ಅಂದರೆ ಒಂದು ಅನುಮಾನ ಇದ್ದೇ ಇರುತ್ತದೆ. ನಮ್ಮ ಮನೆಯಲ್ಲಿ ಯಾರೂ ಯಾವುದರ ಅಭಿಮಾನಿಯೂ ಆಗಿರಲಿಲ್ಲ, ಪುರುಸೊತ್ತೇ ಇರಲಿಲ್ಲ. ಆಮೇಲೆ ಇಮಾನಿಯ ಅಜ್ಜಿ ತೀರಿಕೊಂಡರು. ಊರಿಗೆ ಹೋದರೆ ಜಪಾನಿಗೆ ವಾಪಸ್ ಬರಲು ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲದ ದಿನಗಳು. ಅವಳು ಹೋಗಲಿಲ್ಲ. ಆ ಶನಿವಾರವೂ ಎಲ್ಲರೂ ಕಾಲಿಗೆ ಬಂದರು. ಯಾರೂ ಸಾಂತ್ವನ ಹೇಳಲಿಲ್ಲ. ಎಪಿಸೋಡ್ ಹಾಕಿದರು, ನೋಡಿದರು, ರೂಕಾ ಕಾಲು ಜಾರಿ ನೀರಿಗೆ ಬಿದ್ದಾಗ ನಕ್ಕರು. ಇಮಾನಿಯೂ ನಕ್ಕಳು. ನಾನು ಪಾತ್ರೆ ತೊಳೆಯುತ್ತಾ ಇದನ್ನೆಲ್ಲ ನೋಡುತ್ತಿದ್ದೆ. ಕಾಲಹರಣ ಅಂತ ಆಮೇಲೆ ನಾನು ಅಂದಿಲ್ಲ.

ಇವರಲ್ಲಿ ಇಲ್ಲಿರುವವರೆಲ್ಲ ಕೊನೆಗೂ ಎದುರುಬದುರು ಸೇರುವ ದಿನ ಆ ಭಾನುವಾರ. ಪಾರ್ಕಿನ ಕೆರೆ ದಡದಲ್ಲಿ, ವೇಷ ಹಾಕಿ, ಫೋಟೋ.

ಬುಧವಾರ ಸಂಜೆ ಇಮಾನಿಗೆ ಎಲ್ಲವನ್ನೂ ಹೇಳಿದೆ. ಕೊಂಬಿನಿ ಹೊರಗಿನ ಬೆಂಚಿನ ಈ ತುದಿಗೆ ನಾನು, ಆ ತುದಿಗೆ ಅವಳು, ನಡುವೆ ಇಬ್ಬರ ಕಾಫಿ. (ಕೊಂಬಿನಿ ಅಂದರೆ ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುವ ಅಂಗಡಿ. ನನ್ನ ಕನ್ನಡದೊಳಗೆ ಈ ಪದ ಬಾಡಿಗೆ ಕೊಡದೆ ಸೇರಿಕೊಂಡಿದೆ.) ನಮ್ಮ ಮಾತು ಇಂಗ್ಲಿಷಿನಲ್ಲಿ, ನಾನು ನನ್ನ ಭಾಷೆಯಲ್ಲಿ ಬರೆಯುತ್ತೇನೆ.

ಅವಳು ಮೊದಲು ನಕ್ಕಳು. ತುಂಬ ಹೊತ್ತು ನಕ್ಕಳು. "ಮೇಕಪ್ ಇಲ್ದೆ ಮೇಕಪ್ ಪ್ರೈಜಾ? ನಾನೂ ಅಪ್ಲೈ ಮಾಡ್ಲಾ?"

ಆಮೇಲೆ ಕೇಳಿದಳು, "ನೀನು ಏನಂದೆ?"

"ಥ್ಯಾಂಕ್ಸ್ ಅಂದೆ."

ಅವಳು ಬೈಯಲಿಲ್ಲ. ಕಾಫಿಯ ಮುಚ್ಚಳ ತೆಗೆದು ಮತ್ತೆ ಹಾಕಿದಳು. ಬೈದಿದ್ದರೆ ವಾಸಿಯಿತ್ತು.

"ನಾನು ಚಿಕ್ಕೋಳಿದ್ದಾಗ," ಅಂದಳು, "ಕಾರ್ಟೂನಲ್ಲಿ ನಮ್ಮಂಥೋರು ಬರ್ತಿದ್ರು. ಎರಡು ಜೋಕ್ ಹೇಳಿ ಹೋಗ್ಬಿಡ್ತಿದ್ರು. ಅಥವಾ ಮೂರನೇ ಸೀನಲ್ಲಿ ಸಾಯ್ತಿದ್ರು. ಆಟ ಆಡುವಾಗ ನಂಗೆ ಯಾವಾಗ್ಲೂ ಫ್ರೆಂಡ್ ಪಾರ್ಟು. ರೂಕಾನ ಯಾಕೆ ಇಷ್ಟ ಪಡ್ತೀನಿ ಗೊತ್ತಾ? ಆ ಕಥೇಲಿ ಒಬ್ಬರೂ ಅವಳನ್ನ ನೀನು ಯಾಕೆ ಕಪ್ಪು ಅಂತ ಕೇಳಲ್ಲ. ಅವಳಿಗೆ ಸೇತುವೆ ಚಿಂತೆ. ಅಷ್ಟೇ. ನಂಗೂ ವಾರಕ್ಕೆ ಅರ್ಧ ಗಂಟೆ ಬರೀ ಸೇತುವೆ ಚಿಂತೆ ಮಾಡ್ಬೇಕು ಅನ್ಸುತ್ತೆ."

ನನಗೆ ಒಂದು ವಿಷಯ ಕೊರೆಯುತ್ತಿತ್ತು, ಕೇಳಿಬಿಟ್ಟೆ. "ರೂಕಾ ನಿಮ್ಮವಳು. ನನ್ನ ಮಗಳು ಇಂಡಿಯನ್. ಅವಳು ಆ ಕೋಟು ಹಾಕೋದು ನಿಂಗೆ ಬೇಜಾರಿಲ್ವಾ?"

"ನನ್ನವಳೇ," ಅಂದಳು. "ಆದ್ರೆ ನಿನ್ನ ಮಗಳಿಗೂ ಸಾಕಾಗುವಷ್ಟಿದಾಳೆ. ಹಯಾಶಿ-ಸಾನ್‌ಗೂ ಇದಾಳೆ. ಅವರು ಒಂದ್ಸಲ ತುಂಬಾ ಸಂಕೋಚದಿಂದ ಕೇಳಿದ್ರು, ರೂಕಾ ಆಗ್ಬೇಕಾದ್ರೆ ಮುಖಕ್ಕೆ ಕಂದು ಬಣ್ಣ ಹಚ್ಕೋಬೇಕಾ ಅಂತ. ನಾನಂದೆ, ಕೋಟು ವೇಷ, ಸ್ಪ್ಯಾನರ್ ವೇಷ. ಚರ್ಮ ವೇಷ ಅಲ್ಲ. ಅವರು ಎದ್ದು ನಿಂತು ಬಗ್ಗಿ ನಮಸ್ಕಾರ ಮಾಡಿ, ಹಾಗಿದ್ರೆ ಹೊಲಿಗೆ ನಂದು ಅಂದ್ರು."

ಹೊರಡುವಾಗ ಚಾರುಗೆ ಏನು ಹೇಳಲಿ ಅಂತ ಕೇಳಿದೆ.

"ನಾನು ಜಪಾನಿಗೆ ಧೈರ್ಯ ಹೇಳೋಕೆ ಬಂದೋಳಲ್ಲಪ್ಪ. ಕಾರ್ಟೂನ್ ಇಷ್ಟ ಅಂತ ಬಂದೋಳು. ಅವಳನ್ನೇ ಕೇಳು, ಏನ್ ಮಾಡಿದ್ರೆ ಬರ್ತಾಳೆ ಅಂತ."

ಕೇಳಿದೆ. ಚಾರು ತಯಾರಾಗೇ ಇದ್ದಳು ಅನ್ನಿಸುತ್ತದೆ.

"ನೀನು ಎಲ್ಲರ ಮುಂದೆ ಥ್ಯಾಂಕ್ಸ್ ಅಂದೆ. ಎಲ್ಲರ ಮುಂದೆ ಅದನ್ನ ವಾಪಸ್ ತಗೋ. ಆಗ ಬರ್ತೀನಿ."

"ಆಂಟಿಗೆ ಫೋನ್ ಮಾಡಿ ಹೇಳ್ತೀನಿ ಪುಟ್ಟಾ."

"ದಮೇ," ಅಂದಳು. ಆಗಲ್ಲ ಅಂತ. ಅವಳ ಜಪಾನೀ 'ಇಲ್ಲ'ದ ಎದುರು ನನ್ನ ಕನ್ನಡದ ಒಪ್ಪಂದಗಳು ನಡೆಯುವುದಿಲ್ಲ.

ಇದರಲ್ಲಿ ಅಂಥ ಕಷ್ಟ ಏನು ಅಂತ ನೀವು ಕೇಳಬಹುದು. ಒಂದು ವಾಕ್ಯ ತಾನೇ? ಸ್ವಾಮಿ, ಪರದೇಶದಲ್ಲಿ ಬದುಕಿ ನೋಡಿ. ನಮ್ಮ ಮನೆಗೆ ಕೊರೊನಾ ಬಂದು ಮೂವರೂ ಮಲಗಿದಾಗ ಕೋಬೆಯಿಂದ ಪಾರ್ಸೆಲ್ ಬಂದಿತ್ತು. ರಸಂ ಪುಡಿ, ನಿಂಬೆ ಉಪ್ಪಿನಕಾಯಿ, ಒಂದು ಡಬ್ಬಿ ಚಕ್ಕುಲಿ. ಕಳಿಸಿದ್ದು ಇದೇ ಸರೋಜಾ ಆಂಟಿ. ಎದುರಿಗೆ ಮುಖ ನೋಡದವರಿಗೆ. ನಾಲಿಗೆಗೆ ರುಚಿ ಸತ್ತಿದ್ದರೂ ಆ ರಸಂ ಕುಡಿದು ಅತ್ತಿದ್ದೇನೆ. ಅವರನ್ನು ಎಲ್ಲರ ಮುಂದೆ ತಪ್ಪಿತಸ್ಥರ ಹಾಗೆ ನಿಲ್ಲಿಸುವುದೇ? ಕೆಟ್ಟವರನ್ನು ಎದುರಿಸುವುದು ಸುಲಭ. ರಸಂ ಪುಡಿ ಕಳಿಸಿದವರನ್ನು ಎದುರಿಸುವುದು ಹೇಗೆ?

ಇನ್ನೊಂದು ಯೋಚನೆಯೂ ಬಂತು, ಅದು ಇನ್ನೂ ಕೆಟ್ಟದ್ದು. ಬೆಂಗಳೂರಿನಲ್ಲಿ ನಾನು ಎಂಎಸ್ಸಿ ಓದುವಾಗ ಬಾಡಿಗೆಗಿದ್ದ ಮನೆಯ ಮೇಲಿನ ಕೋಣೆ ಖಾಲಿ ಇತ್ತು. ಆಫ್ರಿಕಾದ ಒಬ್ಬ ವಿದ್ಯಾರ್ಥಿನಿ ಕೇಳಿಕೊಂಡು ಬಂದಳು. ಓನರಮ್ಮ ಬಾಗಿಲನ್ನು ಅರ್ಧ ತೆರೆದು, ಬೋರ್ಡು ನೇತಾಡುತ್ತಿದ್ದರೂ, ಕೊಟ್ಟಾಯಿತು ಅಂದರು. ಬಾಗಿಲು ಮುಚ್ಚಿದ ಮೇಲೆ ನನ್ನ ಕಡೆ ತಿರುಗಿ, "ನೀನೇ ಸ್ವಲ್ಪ ಕಪ್ಪು, ಅವಳು ಬಂದ್ರೆ ಹಗಲೂ ಲೈಟ್ ಹಾಕ್ಬೇಕು," ಅಂತ ನಕ್ಕರು. ಅವರದೂ ಒಳ್ಳೆಯ ಮನಸ್ಸು, ಹಬ್ಬದ ದಿನ ನನಗೆ ಹೋಳಿಗೆ ಕೊಡುತ್ತಿದ್ದರು.

ಪರದೆಯ ಮೇಲಿನ ರೂಕಾಳನ್ನು ನಾವೆಲ್ಲ ಮುದ್ದು ಮಾಡುತ್ತೇವೆ. ಗೊಂಬೆ ಕೊಳ್ಳುತ್ತೇವೆ, ಕಂಪನಿಗೂ ವ್ಯಾಪಾರ. ಅದೇ ರೂಕಾ ನಮ್ಮ ಬೀದಿಗೆ ಬಾಡಿಗೆ ಮನೆ ಕೇಳಿಕೊಂಡು ಬಂದರೆ?

ಶನಿವಾರ ಸಂಜೆ ಕಾಲಿಗೆ ಕುಳಿತೆ. ಕೂರುವ ಮುಂಚೆ ದುಂಡು ಲೈಟ್ ಆರಿಸಿದೆ, ಟಚ್ ಅಪ್ ತೆಗೆದೆ. ಮುಖ ವಾಪಸ್ ಬಂತು, ಕಲೆ ಸಮೇತ. ಚಾರು ಬಾಗಿಲ ಹಿಂದೆ ನಿಂತಿದ್ದಳು. ಕೋಟು ತೊಟ್ಟಿರಲಿಲ್ಲ, ತೋಳಿನ ಮೇಲೆ ಹಾಕಿಕೊಂಡಿದ್ದಳು.

ನಿರೂಪಣೆ ಟೋಕಿಯೋದ ಕಿರಣ್‌ದು. "ಈಗ ಅತ್ಯುತ್ತಮ ಮೇಕಪ್, ಪ್ರಥಮ ಬಹುಮಾನ..."

"ಕಿರಣ್, ಒಂದ್ನಿಮಿಷ," ಅಂದೆ. "ಆಂಟಿ, ಚಾರು ಮೇಕಪ್ ಮಾಡ್ಕೊಂಡಿರ್ಲಿಲ್ಲ. ಅವಳ ಬಣ್ಣಾನೇ ಅದು. ನನ್ನದೂ ಅದೇ, ಈಗ ಕಾಣ್ತಿದೆಯಲ್ಲ. ಅವತ್ತು ನೀವು ಬ್ರ್ಯಾಂಡ್ ಕೇಳಿದಾಗ ನಾನು ಥ್ಯಾಂಕ್ಸ್ ಅಂದೆ. ಹಾಗನ್ನಬಾರದಿತ್ತು. ಅದನ್ನ ವಾಪಸ್ ತಗೊಳ್ತೀನಿ. ಬಹುಮಾನಾನೂ ವಾಪಸ್ ತಗೊಳ್ಳಿ."

ಯಾರ ಮನೆಯಲ್ಲೋ ಕುಕ್ಕರ್ ಕೂಗಿತು. ಸರೋಜಾ ಆಂಟಿಯ ಬಾಯಿ ಆಡುತ್ತಿತ್ತು, ಕೈ ಆಡುತ್ತಿತ್ತು, ದನಿ ಇಲ್ಲ.

"ಆಂಟಿ, ಮ್ಯೂಟಲ್ಲಿದೀರ," ಅಂದ ಕಿರಣ್.

ಮ್ಯೂಟಿನಲ್ಲಿ ಅವರು ಏನಂದರೋ ನನಗೆ ಎಂದೂ ತಿಳಿಯುವುದಿಲ್ಲ. ದನಿ ಬಂದ ಮೇಲೆ ಅಂದಿದ್ದು ಇಷ್ಟು: "ಅಲ್ಲಾ, ನಂಗೆ ಹೆಂಗೆ ಗೊತ್ತಾಗ್ಬೇಕು ಹೇಳಿ. ನಾನು ಹಾಗೆಲ್ಲ ಭೇದ ಮಾಡೋಳೇ ಅಲ್ಲ. ನಮ್ಮ ದೊಡ್ಡ ಮಗಳೂ ಬಣ್ಣ ಕಮ್ಮೀನೇ. ಆದ್ರೂ ಎಷ್ಟು ಲಕ್ಷಣವಾಗಿದಾಳೆ..."

ಅಲ್ಲಿಗೆ ನಿಂತರು. ಆ 'ಆದ್ರೂ' ಅವರಿಗೇ ಕೇಳಿಸಿತು ಅಂತ ನನ್ನ ನಂಬಿಕೆ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು.

"ಚಾರು ಎಲ್ಲಿ? ಕರೀರಿ."

ಚಾರು ಬಂದು ನನ್ನ ಪಕ್ಕ ಕೂತಳು.

"ಪುಟ್ಟಿ, ನೀನು ಯಾರ ವೇಷ ಹಾಕಿದೀಯ ಅಂತ ನಾನು ಅವತ್ತು ಕೇಳ್ಲೇ ಇಲ್ಲ ನೋಡು. ಯಾರಮ್ಮ ಅದು?"

"ರೂಕಾ."

"ರೂಕಾ ಅಂದ್ರೆ?"

ಚಾರು ನನ್ನ ಮುಖ ನೋಡಿದಳು. ನಾನು ಹೇಳಿಕೊಡಲಿಲ್ಲ. "ಅವಳು ಸೇತುವೆ ಫಿಕ್ಸ್ ಮಾಡ್ತಾಳೆ. ಎಲ್ಲರೂ ವೇಟ್ ಮಾಡ್ತಾರೆ. ಅವಳು ಬರ್ತಾಳೆ. ಅವಳು ಟೀಮಿಗೆ ಹೆಡ್ಡು."

"ಹೆಡ್ ಅಲ್ಲ," ಅಂತ ಒಂದು ದನಿ. ಫುಕುವೋಕಾದ ಕೊರೊನಾ ವೈರಸ್, ಹತ್ತು ವರ್ಷದ ತೇಜಸ್, ಹಸಿರು ಮುಖದಲ್ಲೇ ಕುಳಿತಿದ್ದ. "ಸೀಸನ್ ಟೂನಲ್ಲಿ ಅವಳನ್ನ ತೆಗೆದ್ರು."

"ತೆಗೀಲಿಲ್ಲ. ಅವಳೇ ಬಿಟ್ಟಿದ್ದು."

"ಉಸೋ," ಅಂದಳು ಒಬ್ಬ ರಾಣಿ, ಕಿರೀಟ ಸರಿಮಾಡಿಕೊಳ್ಳುತ್ತಾ. ಸುಳ್ಳು ಅಂತ. "ಮೇಯರ್ ತೆಗೆದಿದ್ದು. ನಾನು ನೋಡಿದೀನಿ."

"ನೀನು ಲಾಸ್ಟ್ ಎಪಿಸೋಡ್ ನೋಡಿಲ್ಲ ಬಿಡು."

"ನೋಡಿದೀನಿ. ನಮ್ಮಮ್ಮ ಟಿವಿ ಆಫ್ ಮಾಡಿದ್ರು, ಆಮೇಲೆ ಮತ್ತೆ ನೋಡಿದೆ."

ಕ್ಯಾಮೆರಾ ಹಾಕದ ಮಕ್ಕಳ ಚೌಕಗಳು ತೆರೆದುಕೊಂಡವು. ಪೊಲೀಸ್ ಬಂದ, ಒಬ್ಬ ದಾಸ ತಂಬೂರಿ ಕೆಳಗಿಟ್ಟು ಬಂದ. ಎರಡು ವರ್ಷದಿಂದ ಈ ಮಕ್ಕಳಿಗೆ ಆನ್‌ಲೈನ್ ಕನ್ನಡ ಕ್ಲಾಸ್ ಮಾಡಿದ್ದೇವೆ. ಹೆಸರು ಹೇಳು ಅಂದರೆ ಹೆಸರು ಹೇಳಿ ಮ್ಯೂಟ್ ಆಗುತ್ತಿದ್ದವು. ಈಗ ಒಂದು ಕಪ್ಪು ಹುಡುಗಿ ಕೆಲಸ ಬಿಟ್ಟಳೋ, ಅವಳನ್ನು ತೆಗೆದರೋ ಎಂಬ ವಿಷಯಕ್ಕೆ ಹರಕು ಮುರುಕು ಕನ್ನಡದಲ್ಲಿ, ಜಪಾನೀ ಸೇರಿಸಿ, ಇಂಗ್ಲಿಷ್ ಸೇರಿಸಿ ಜಗಳ ಆಡುತ್ತಿದ್ದವು. ಕಿರಣ್ ಎರಡು ಸಲ, "ಈಗ ಭಾವಗೀತೆ," ಅಂದ. ಯಾರೂ ಕೇಳಲಿಲ್ಲ.

"ಕನ್ನಡ ಮಾತಾಡ್ತಿದಾವೆ ಕಣ್ರೀ, ತಡೀಬೇಡಿ," ಅಂತ ಯಾರೋ ಚಾಟಿನಲ್ಲಿ ಬರೆದರು.

ನಡುವೆ ತೇಜಸ್ಸಿಗೆ ಏನೋ ಹೊಳೆಯಿತು. "ಆಂಟಿ, ಚಾರು ಮೇಕಪ್ ಮಾಡ್ಕೊಂಡಿಲ್ಲ ಅಂದ್ರೆ ಆ ಪ್ರೈಜ್ ನಂಗೇ ಬರ್ಬೇಕು. ನಾನು ನಿಜವಾಗ್ಲೂ ಹಚ್ಕೊಂಡಿದೀನಿ. ತೊಳೆದ್ರೂ ಹೋಗ್ತಿಲ್ಲ."

ಕೊಟ್ಟರು. ಚಾರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಯಾವಾಗ ಕೋಟು ತೊಟ್ಟಳೋ, ನಾನು ನೋಡಲಿಲ್ಲ.

ಎಲ್ಲ ಸುಖಾಂತವಾಯಿತು ಅಂದುಕೊಂಡಿರಾ? ಮರುದಿನ ಬೆಳಿಗ್ಗೆ ಸರೋಜಾ ಆಂಟಿ ಫೋನ್ ಮಾಡಿದರು. "ಒಂದು ಫೋನ್ ಮಾಡ್ಬಹುದಿತ್ತಲ್ಲಮ್ಮ ನೀನು. ಎಲ್ಲರ ಎದುರಿಗೆ ನನ್ನ ಮುಖಕ್ಕೆ ಹೊಡೆದ ಹಾಗಾಯ್ತು," ಅಂದರು. ನಾನು ವಾದ ಮಾಡಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಅವರ ನೋವು ನಿಜ. ನನ್ನ ಮಗಳದೂ ನಿಜ. ಎರಡನ್ನೂ ಒಂದೇ ಫೋನಿನಲ್ಲಿ ಸರಿಮಾಡುವ ವಿದ್ಯೆ ನನಗೆ ಯಾವ ಡಿಗ್ರಿಯಲ್ಲೂ ಕಲಿಸಲಿಲ್ಲ. ಅವರು, "ಆಯ್ತು ಇಡ್ತೀನಿ," ಅಂದರು. ಚಾರುವನ್ನು ಕೇಳಿದೆ ಅಂತ ಹೇಳು ಅನ್ನುವುದನ್ನು ಮರೆತರು. ಅಥವಾ ಮರೆಯಲಿಲ್ಲ.

ಮಧ್ಯಾಹ್ನ ಪಾರ್ಕಿಗೆ ಹೋದೆವು, ಅವಳ ಸೈಕಲ್ ಮುಂದೆ, ನನ್ನದು ಹಿಂದೆ. ಇಲ್ಲಿ ವೇಷ ಹಾಕುವವರಿಗೆ ಒಂದು ಶಿಸ್ತಿದೆ. ಮನೆಯಿಂದ ವೇಷದಲ್ಲಿ ಬರಬಾರದು, ಬಂದ ಮೇಲೆ ಹಾಕಿಕೊಳ್ಳಬೇಕು. ಕೇಳದೆ ಯಾರೂ ಯಾರ ಫೋಟೋವನ್ನೂ ತೆಗೆಯಬಾರದು. ಕೊರೊನಾ ಬಂದ ಮೇಲೆ ಇನ್ನೂ ಒಂದು: ಮಾಸ್ಕ್ ತೆಗೆಯುವುದು ಫೋಟೋ ತೆಗೆಯುವಾಗ ಮಾತ್ರ, ಆಗ ಮಾತಾಡುವಂತಿಲ್ಲ, ನಗುವುದಾದರೂ ಸದ್ದಿಲ್ಲದೆ.

ಹಯಾಶಿ-ಸಾನ್ ಕಾಲೇಜು ಹುಡುಗಿಯರ ಜೊತೆ ಸೇರಿ ತಮ್ಮ ವ್ಯಾನಿನ ಹಿಂದೆ ಪರದೆ ಕಟ್ಟಿದ್ದರು. ಇಮಾನಿ ತನ್ನ ಹಳದಿ ಕೋಟು ತೊಟ್ಟು ಬಂದಳು, ಚಾರು ತನ್ನದು. ಇಮಾನಿ ಅವಳ ಕೂದಲಿನ ಎರಡು ಚೆಂಡುಗಳನ್ನು ಬಿಚ್ಚಿ ಮತ್ತೆ ಕಟ್ಟಿದಳು. (ನಾನು ಎಣ್ಣೆ ಹಾಕಿ ಒತ್ತಿ ಬಿಡುತ್ತೇನೆ ಅಂತ ದೂರು.) ಹಯಾಶಿ-ಸಾನ್ ಕ್ಯಾಮೆರಾ ಹಿಡಿದು, ಒಂಬತ್ತು ವರ್ಷದವಳಿಗೆ ಬಗ್ಗಿ, ಫೋಟೋ ತೆಗೆಯಬಹುದೇ ಅಂತ ಕೇಳಿದರು. ಅವಳೂ ಬಗ್ಗಿ, ಹೂಂ ಅಂದಳು. ಇಮಾನಿ, ಚಾರು ಇಬ್ಬರೂ ಮಾಸ್ಕ್ ತೆಗೆದರು.

ಸದ್ದಿಲ್ಲದೆ ನಗುವುದು ಎಷ್ಟು ಕಷ್ಟ ಗೊತ್ತೇ? ಇಮಾನಿಯ ಭುಜ ಕುಣಿಯುತ್ತಿತ್ತು. ಚಾರು ಸ್ಪ್ಯಾನರ್ ಹಿಂದೆ ಮುಖ ಮುಚ್ಚಿಕೊಂಡಳು. ಹಯಾಶಿ-ಸಾನ್ ಕ್ಯಾಮೆರಾ ಕೆಳಗಿಟ್ಟು ಕೆರೆಯ ಕಡೆ ತಿರುಗಿ ನಿಂತರು, ಅವರ ಬೆನ್ನೂ ಕುಣಿಯುತ್ತಿತ್ತು. ಫೋಟೋಗಳೆಲ್ಲ ಅಲ್ಲಾಡಿ ಹೋದವು. ಒಂದೇ ಒಂದು ನೆಟ್ಟಗೆ ಬಂತು. ಅದರಲ್ಲಿ ಚಾರುವಿನ ಹಣೆ ಬಿಸಿಲಿಗೆ ಮಿರಮಿರ ಹೊಳೆಯುತ್ತಿದೆ. ಪ್ರಿಂಟ್ ಹಾಕಿಸಿ ಹಿರಿಯೂರಿಗೆ ಕಳಿಸಬೇಕು, ಅಮ್ಮ ಏನನ್ನುತ್ತಾರೋ.

ವಾಪಸ್ ಬರುವಾಗ ಸಿಗ್ನಲ್ಲಿನಲ್ಲಿ ನಿಂತೆವು.

"ನೆಕ್ಸ್ಟ್ ಟೈಮ್ ನಾನು ಡಾಕ್ಟರ್ ಕಸುಮಿ," ಅಂದಳು ಚಾರು.

ಡಾಕ್ಟರ್ ಕಸುಮಿ ಅಂದರೆ ಆ ಕಥೆಯ ವಿಲನ್. ಸೇತುವೆ ಮುರಿಯುವವಳು. ಬೆಳ್ಳಿಯ ಕೋಟು, ಹಾಳೆಯಷ್ಟು ಬಿಳಿ ಮುಖ.

"ಯಾಕೆ, ರೂಕಾ ಸಾಕಾ?"

"ರೂಕಾ ಆಯ್ತಲ್ಲ. ಕಸುಮಿ ಕೋಟಿಗೆ ಆರು ಜೇಬು."

"ಮತ್ತೆ ಮುಖ?" ಅಂದೆ. ಬಾಯಿಂದ ಬಂದೇಬಿಟ್ಟಿತು.

"ಮುಖ ಏನು?" ಅಂತ ತಿರುಗಿ ನೋಡಿದಳು.

ನನ್ನ ಪ್ರಶ್ನೆ ಅವಳಿಗೆ ಅರ್ಥವಾಗಲಿಲ್ಲ. ನಿಮಗೆ ಆಯಿತಲ್ಲವೇ?